ಒಳಗೇನೂ ಇಲ್ಲದ ಉಪಗ್ರಹದಿಂದ ರಾಡಾರ್‌ಗೆ ಏನು ಪ್ರಯೋಜನ?

ಪ್ರಶ್ನೆ: ಸೇನೆಯ ರಾಡಾರ್‌ಗಳನ್ನು ಒರೆಗೆ ಹಚ್ಚಲು ಅಮೆರಿಕ ಹಾರಿಸಿದ ಎಲ್‌ಸಿಎಸ್-1 ಉಪಗ್ರಹ ಬರೀ ಟೊಳ್ಳು ಚೆಂಡು ಎಂದು ಓದಿದೆ. ಯಂತ್ರವೇ ಇಲ್ಲದ ಮೇಲೆ ಅದರಿಂದ ಏನು ಉಪಯೋಗ? ಅದು ನಮಗೆ ಕಾಣುತ್ತದೆಯೇ?

ಉತ್ತರ: ಒಳಗೇನೂ ಇಲ್ಲ ಎಂಬುದೇ ಅದರ ದೊಡ್ಡ ಗುಣ. ವಸ್ತು ಎಷ್ಟು ದೂರವಿದೆ ಎಂಬುದು ರಾಡಾರ್‌ಗೆ ತಾನು ಕಳಿಸಿದ ರೇಡಿಯೊ ಅಲೆ ಹೋಗಿ ಬರಲು ಹಿಡಿದ ಸಮಯದಿಂದ ತಿಳಿಯುತ್ತದೆ. ಎಷ್ಟು ದೊಡ್ಡದು ಎಂಬುದನ್ನು ಮಾತ್ರ ಮರಳಿದ ಅಲೆಯ ಬಲದಿಂದ ಅಂದಾಜಿಸಬೇಕು. ತೊಡಕಿರುವುದು ಇಲ್ಲೇ. ದೂರ ಎರಡು ಪಟ್ಟಾದರೆ ಆ ಬಲ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಜೊತೆಗೆ ಆಂಟೆನಾವೋ ಮರಳಿದ ಅಲೆಯನ್ನು ಹಿಡಿಯುವ ಯಂತ್ರವೋ ತುಸು ಹದ ತಪ್ಪಿದ್ದರೆ, ಕಂಡದ್ದು ಕ್ಷಿಪಣಿಯ ಸಿಡಿತಲೆಯೋ ರಾಕೆಟ್ಟಿನ ಚೂರೋ ಎಂಬ ತೀರ್ಮಾನವೇ ತಪ್ಪಬಹುದು. ಅಂಗಡಿಯ ತಕ್ಕಡಿಯನ್ನು ಮುದ್ರೆ ಬಿದ್ದ ತೂಕದ ಬಟ್ಟಿನಿಂದ ಪರೀಕ್ಷಿಸುವಂತೆ, ರಾಡಾರ್‌ಗೂ ಅಳತೆ ಖಚಿತವಾಗಿ ಗೊತ್ತಿರುವ ಒಂದು ವಸ್ತು ಆಕಾಶದಲ್ಲಿ ಬೇಕು.

ಎಂಐಟಿಯ ಲಿಂಕನ್ ಪ್ರಯೋಗಾಲಯ ರೂಪಿಸಿದ ಈ ಚೆಂಡು 1965ರ ಮೇ 6ರಂದು ಟೈಟಾನ್ ರಾಕೆಟ್ಟಿನಲ್ಲಿ ಮೇಲೇರಿತು. 3.2 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡಿನ ಎರಡು ಅರ್ಧಗೋಲಗಳನ್ನು ಒಳಗಿನ ಬಳೆಯೊಂದಕ್ಕೆ ತಿರುಪುಮೊಳೆಗಳಿಂದ ಬಿಗಿದು, ಮೊಳೆಯ ತಲೆಗಳು ಮೇಲೆ ಏಳದಂತೆ ಹುದುಗಿಸಿ, ಮೇಲ್ಮೈಯನ್ನು ನಯಗೊಳಿಸಿದ್ದಾರೆ. ತೂಕ ಸುಮಾರು 34 ಕಿಲೋ. ವ್ಯಾಸ 1.13 ಮೀಟರ್. ಈ ವ್ಯಾಸ ಹೇಗೋ ಬಂದದ್ದಲ್ಲ: ಅಷ್ಟು ಅಗಲದ ವೃತ್ತದ ವಿಸ್ತೀರ್ಣ ಸರಿಯಾಗಿ 1 ಚದರ ಮೀಟರ್ ಆಗುತ್ತದೆ. ಅಲೆಯುದ್ದಕ್ಕಿಂತ ಗೋಲ ಸಾಕಷ್ಟು ದೊಡ್ಡದಾಗಿದ್ದರೆ ರಾಡಾರ್‌ಗೆ ಕಾಣುವ ವಿಸ್ತೀರ್ಣವೂ ಅಷ್ಟೇ. ತಿರುಗಿದರೂ ಉರುಳಿದರೂ ಅದು ಬದಲಾಗದು.

ಚಪ್ಪಟೆ ಹಲಗೆ ಹಾಗಲ್ಲ. 1 ಚದರ ಮೀಟರ್ ಲೋಹದ ಹಲಗೆ 3 ಸೆಂಟಿಮೀಟರ್ ಉದ್ದದ ಅಲೆಗೆ ನೇರ ಮುಖಮಾಡಿದರೆ ಸುಮಾರು 14,000 ಚದರ ಮೀಟರ್‌ನಂತೆ ತೋರುತ್ತದೆ. ಸ್ವಲ್ಪ ಓರೆಯಾದರೆ ಬಹುಪಾಲು ಮಾಯ! ಅಂಥದ್ದನ್ನು ನಂಬಿ ಯಾರು ಅಳೆದಾರು? ಸೌರಫಲಕ, ಆಂಟೆನಾಗಳನ್ನು ಹೊರಚಾಚಿದ ಮಾಮೂಲಿ ಉಪಗ್ರಹವೂ ಇದೇ ಕಾರಣಕ್ಕೆ ಈ ಕೆಲಸಕ್ಕೆ ಒದಗುವುದಿಲ್ಲ.

ಕಕ್ಷೆಯ ಆಯ್ಕೆಯೂ ಜಾಣತನದ್ದೇ. ಸುಮಾರು 2,800 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ತಡೆ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಚೆಂಡು ಇಂದಿಗೂ ಸುತ್ತುತ್ತಿದೆ. ಸೋವಿಯತ್ ಒಕ್ಕೂಟದ ದಾರಿ ಬೇರೆ. ದ್ನೆಪ್ರೊಪೆತ್ರೋವ್ಸ್ಕ್‌ನಲ್ಲಿ (ಈಗ ಉಕ್ರೇನಿನ ದ್ನಿಪ್ರೊ ನಗರ) ತಯಾರಾದ ಅವರ ರಾಡಾರ್ ಪರೀಕ್ಷಾ ಉಪಗ್ರಹಗಳು ಕೆಳ ಕಕ್ಷೆಗೆ ಹೋಗಿ ಬೇಗನೆ ಬಿದ್ದು ಉರಿದುಹೋಗುತ್ತಿದ್ದವು. 1964ರಿಂದ 1976ರವರೆಗೆ 'ಕಾಸ್ಮೋಸ್' ಎಂಬ ಸಾಮಾನ್ಯ ಹೆಸರಿನ ಮರೆಯಲ್ಲಿ 70ಕ್ಕೂ ಹೆಚ್ಚನ್ನು ಹಾರಿಸಬೇಕಾಯಿತು.

ಇನ್ನು ಕಾಣುವ ಮಾತು. ಎಲ್‌ಸಿಎಸ್-1ರ ಕಕ್ಷೆ ಸಮಭಾಜಕಕ್ಕೆ 32 ಡಿಗ್ರಿ ಓರೆಯಾಗಿರುವುದರಿಂದ ಅದು ಕರ್ನಾಟಕದ ಮೇಲೂ ಹಾದುಹೋಗುತ್ತದೆ. ಆದರೆ ತಾರಸಿಯ ಮೇಲೆ ನಿಂತು ಹುಡುಕಿ ಫಲವಿಲ್ಲ. 1960ರಲ್ಲಿ ಅಮೆರಿಕ ಹಾರಿಸಿದ ಎಕೋ ಎಂಬ ಬಲೂನು ಉಪಗ್ರಹ ಬರಿಗಣ್ಣಿಗೆ ಕಂಡದ್ದು 30 ಮೀಟರ್ ಅಗಲವಿದ್ದುದರಿಂದ. ಇದಕ್ಕೆ ದೂರದರ್ಶಕವೇ ಬೇಕು.