ಬಾಗಿಲಿನಿಂದ ಕಡಲಿಗೆ ಎಷ್ಟು ಹೆಜ್ಜೆ?

ತಂಗಿ, ನೀವು ಕುಂದಾಪುರದವರು ಅಂತ ಓದಿದ ಕೂಡಲೇ ಉತ್ತರ ಬರೆಯಲು ಕುಳಿತೆ. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಕೇರ್ ಹೋಮ್ ಒಂದರಲ್ಲಿ ನರ್ಸ್ ಕೆಲಸ ಸಿಕ್ಕಿದೆ, ಹ್ಯಾಪಿಸ್‌ಬರ್ಗ್ ಅನ್ನುವ ಕಡಲ ಬದಿಯ ಹಳ್ಳಿಯಲ್ಲಿ ಕಡಿಮೆ ಬಾಡಿಗೆಗೆ ಮನೆ ಇದೆ, ಅಲ್ಲಿ ಇರಬಹುದಾ ಅಂತ ಕೇಳಿದ್ದೀರಿ. ಚಳಿ ಹೇಗೆ, ಬಸ್ ಇದೆಯಾ, ಕುಚ್ಚಲಕ್ಕಿ ಸಿಗುತ್ತಾ, ಜನ ಹೇಗೆ ಅಂತಲೂ ಕೇಳಿದ್ದೀರಿ. ನಾನು ಇರುವುದು ಅದೇ ಊರಲ್ಲಿ. ಹದಿನೈದು ವರ್ಷ ದಾಟಿತು.

ಮೊದಲು ಹೆಸರು ಸರಿ ಮಾಡಿಕೊಳ್ಳಿ. ಬರೆಯುವುದು ಹ್ಯಾಪಿಸ್‌ಬರ್ಗ್, ಹೇಳುವುದು ‘ಹೇಜ್‌ಬ್ರಾ’. ನಾನು ಬಂದದ್ದು 2009ರ ಜನವರಿಯಲ್ಲಿ. ನಾರ್ತ್ ವಾಲ್ಶಮ್ ಸ್ಟೇಷನ್ನಿನಲ್ಲಿ ಇಳಿದು ಟ್ಯಾಕ್ಸಿಯವರಿಗೆ ಬರೆದಂತೆಯೇ ಓದಿ ಹೇಳಿದೆ. ಅವರಿಗೆ ಅರ್ಥ ಆಗಲಿಲ್ಲ. ಕಾಗದ ತೋರಿಸಿದ ಮೇಲೆ ‘ಓ, ಹೇಜ್‌ಬ್ರಾ’ ಅಂತ ನಕ್ಕರು. ಸಂಜೆ ನಾಲ್ಕೂವರೆ ಇರಬೇಕು, ಆಗಲೇ ಕತ್ತಲು ಕವಿದಿತ್ತು. ಎರಡೂ ಬದಿ ಬರೀ ಹೊಲ. ದೂರದಲ್ಲಿ ಒಂದು ಬೆಳಕು ಮೂರು ಸಲ ಮಿಂಚಿ ಸುಮ್ಮನಾಯಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೂರು ಸಲ. ಚಿಕ್ಕವನಿದ್ದಾಗ ಅಪ್ಪ ಕಾಪುವಿಗೆ ಕರೆದುಕೊಂಡು ಹೋಗಿ ದೀಪಸ್ತಂಭ ತೋರಿಸಿದ್ದು ನೆನಪಾಯಿತು. ಕಿಟಕಿ ಕಡೆ ಮುಖ ತಿರುಗಿಸಿ ಕುಳಿತೆ.

ಚಳಿಗೆ ಒಳ್ಳೆಯ ಜಾಕೆಟ್ ಇಲ್ಲೇ ಬಂದು ತಗೊಳ್ಳಿ, ಊರಿಂದ ಹೊತ್ತು ತರಬೇಡಿ. ಚಳಿಗಿಂತ ಗಾಳಿ ಜಾಸ್ತಿ. ಬಸ್ ಕಡಿಮೆ, ರಾತ್ರಿ ಪಾಳಿಗೆ ನಂಬುವ ಹಾಗಿಲ್ಲ, ಕಾರು ಬೇಕೇ ಬೇಕು. ಕುಚ್ಚಲಕ್ಕಿಗೆ ನಾರಿಚ್ ಪೇಟೆಗೆ ಹೋಗಬೇಕು, ತಿಂಗಳಿಗೊಮ್ಮೆ ತಂದಿಟ್ಟುಕೊಂಡರೆ ಸಾಕು. ಜನ ಮಾತು ಕಡಿಮೆ, ಮನಸ್ಸು ಒಳ್ಳೆಯದು. ಇಷ್ಟು ಸಾಕಲ್ವಾ? ಉಳಿದದ್ದೆಲ್ಲ ಬಂದ ಮೂರು ತಿಂಗಳಲ್ಲಿ ತಾನಾಗಿ ಗೊತ್ತಾಗುತ್ತದೆ.

ನಾನು ಬರೆಯಬೇಕು ಅಂತ ಇರುವುದು ಆ ಕಡಿಮೆ ಬಾಡಿಗೆಯ ಬಗ್ಗೆ, ಕಡಲಿನ ಬಗ್ಗೆ.

ನಾವು ಕರಾವಳಿಯವರು, ಸೂರ್ಯ ಕಡಲಲ್ಲಿ ಮುಳುಗುವುದನ್ನು ನೋಡಿ ಬೆಳೆದವರು. ಇಲ್ಲಿ ಕಡಲು ಈಶಾನ್ಯಕ್ಕಿದೆ. ಜೂನ್ ತಿಂಗಳಲ್ಲಿ ಬೆಳಗ್ಗೆ ನಾಲ್ಕೂವರೆಗೆ ಸೂರ್ಯ ನೀರಿನಿಂದ ಎದ್ದು ಬರುತ್ತಾನೆ. ರಾತ್ರಿ ಪಾಳಿ ಮುಗಿಸಿ ಬಂದು ಅದನ್ನು ನೋಡಿದಾಗ ಮೊದಲ ವರ್ಷ ನನಗೆ ದಿಕ್ಕೇ ತಪ್ಪಿದ ಹಾಗಾಗಿತ್ತು. ಮರಳು ವಿಶಾಲವಾಗಿದೆ, ನೀರು ಕಂದು ಬಣ್ಣ. ಮರಳಿನ ಹಿಂದೆ ದರೆ, ಅಂದರೆ ಗೋಡೆಯಂತೆ ಕಡಿದಾದ ದಡ, ನಿಂತಿದೆ, ಒಂದು ಎಳೆ ತೆಂಗಿನ ಮರದ ಎತ್ತರ. ಅದು ಬಂಡೆಯದ್ದು ಅಂತ ತಿಳಿಯಬೇಡಿ. ಹಿಮಯುಗದಲ್ಲಿ ಹಿಮನದಿಗಳು ತಂದು ಸುರಿದ ಜೇಡಿ ಮತ್ತು ಮರಳು. ಮಳೆಗಾಲದಲ್ಲಿ ನಮ್ಮ ಗುಡ್ಡ ಕಡಿದ ಜಾಗದಲ್ಲಿ ದರೆ ಜರಿಯುತ್ತದಲ್ಲ, ಹಾಗೆಯೇ. ಮೇಲಿನಿಂದ ಮಳೆ ನೀರು ಇಂಗಿ ಒಳಗೆ ಸಡಿಲ ಮಾಡುತ್ತದೆ, ಕೆಳಗಿನಿಂದ ಅಲೆ ಬುಡ ಕೊರೆಯುತ್ತದೆ. ಒಂದು ಬಿರುಗಾಳಿಯ ರಾತ್ರಿ ಕಳೆದರೆ ನಿನ್ನೆ ನಡೆದ ಕಾಲುದಾರಿ ಇವತ್ತು ಇರುವುದಿಲ್ಲ. ಅದಕ್ಕೇ ಹೇಳುತ್ತೇನೆ, ದರೆಯ ಅಂಚಿಗೆ ಹೋಗಿ ಫೋಟೊ ತೆಗೆಯಬೇಡಿ. ಅದರ ಬುಡದಲ್ಲಿ ಕೂರಲೂ ಬೇಡಿ.

ಕಡಲ್ಕೊರೆತ ಅನ್ನುವ ಪದ ನಿಮಗೆ ವಿವರಿಸಬೇಕಾಗಿಲ್ಲ. ಮರವಂತೆಯಲ್ಲಿ ಹೆದ್ದಾರಿ ಉಳಿಸಲು ಹಾಕಿದ ಕಲ್ಲು ನೋಡಿಯೇ ಬೆಳೆದಿದ್ದೀರಿ. ಇಲ್ಲಿ 1953ರ ಜನವರಿ 31ರ ರಾತ್ರಿ ಕಡಲು ಉಕ್ಕಿ ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ 300ಕ್ಕೂ ಹೆಚ್ಚು ಜನ ಸತ್ತರು. ನಮ್ಮ ಪಕ್ಕದ ಸೀ ಪಾಲಿಂಗ್‌ನಲ್ಲೇ ಏಳು ಮಂದಿ. ಆಮೇಲೆ 1950ರ ದಶಕದ ಕೊನೆಗೆ ನಮ್ಮೂರಿನ ತೀರಕ್ಕೆ ಮರದ ತಡೆಗೋಡೆ ಕಟ್ಟಿದರು. ಮೂವತ್ತು ವರ್ಷ ಅದು ಅಲೆ ತಡೆಯಿತು. 1990ರ ನಂತರ ಮುರಿದು ಬಿತ್ತು, ಮತ್ತೆ ಕಟ್ಟಲಿಲ್ಲ. ಕಟ್ಟುವ ಖರ್ಚಿಗೆ ಹೋಲಿಸಿದರೆ ಉಳಿಯುವ ಮನೆ ಕಡಿಮೆ ಅನ್ನುವುದು ಲೆಕ್ಕ. ಊರವರೇ ದುಡ್ಡು ಕೂಡಿಸಿ ಕಲ್ಲು ಹಾಕಿಸಿದರು. ಕಲ್ಲು ಕಡಲನ್ನು ಸ್ವಲ್ಪ ನಿಧಾನ ಮಾಡಿತು, ಅಷ್ಟೇ. 30ಕ್ಕೂ ಹೆಚ್ಚು ಮನೆಗಳು ಹೋಗಿವೆ. ಬೀಚ್ ರೋಡಿನ ಅಂಚಿನ ಕೆಲವು ಮನೆಗಳನ್ನು ನಾನು ಬಂದ ಮೇಲೆ ಸ್ಥಳೀಯ ಆಡಳಿತವೇ ಒಂದು ಯೋಜನೆಯಲ್ಲಿ ಕೊಂಡು ಕೆಡವಿತು. ಆ ಯೋಜನೆ ಬಿಟ್ಟರೆ, ಕೊರೆತಕ್ಕೆ ಮನೆ ಹೋದರೆ ಇಲ್ಲಿ ಪರಿಹಾರ ಇಲ್ಲ. ಇಷ್ಟು ಮುಂದುವರಿದ ದೇಶದಲ್ಲಿ ಹೀಗಾ ಅಂತ ನನಗೆ ನಂಬಲು ಆಗಿರಲಿಲ್ಲ.

ಆದರೂ ಈ ಊರು ಬಡವಾದ ಊರು ಅಂತ ಮಾತ್ರ ಅಂದುಕೊಳ್ಳಬೇಡಿ. ಸೇಂಟ್ ಮೇರಿ ಚರ್ಚಿನ ಗೋಪುರ 110 ಅಡಿ, ಹೊಲದ ನಡುವೆ ಎಲ್ಲಿ ನಿಂತರೂ ಕಾಣುತ್ತದೆ. ದಡದಿಂದಾಚೆ ಮರಳು ದಿಬ್ಬಗಳಿವೆ, ಹಡಗುಗಳಿಗೆ ಅವು ಯಮ. 1801ರ ಮಾರ್ಚ್‌ನಲ್ಲಿ ಇನ್ವಿನ್ಸಿಬಲ್ ಅನ್ನುವ ಯುದ್ಧನೌಕೆ ಅಲ್ಲಿ ಸಿಕ್ಕಿಕೊಂಡು ಸುಮಾರು 400 ನಾವಿಕರು ಸತ್ತರು. ದಡಕ್ಕೆ ಬಂದ ಹೆಣಗಳನ್ನು ಚರ್ಚಿನ ಅಂಗಳದಲ್ಲಿ ಒಟ್ಟಿಗೆ ಹೂತರು, ಗುರುತಿನ ಕಲ್ಲೂ ಇರಲಿಲ್ಲ. 1988ರಲ್ಲಿ ಚರಂಡಿಗೆ ಅಗೆಯುವಾಗ ಮೂಳೆಗಳು ಸಿಕ್ಕವು. ಈಗ ಅವರ ಹೆಸರಿಗೆ ಒಂದು ಕಲ್ಲು ಇದೆ.

ಬಿಳಿ ಮೈಗೆ ಮೂರು ಕೆಂಪು ಪಟ್ಟಿ ಬಳಿದ ಲೈಟ್‌ಹೌಸ್ 1790ರದ್ದು. ಅದನ್ನು ಮುಚ್ಚಲು ಹೊರಟಾಗ ಊರವರು ಬಿಡಲಿಲ್ಲ. 1990ರಲ್ಲಿ ಪಾರ್ಲಿಮೆಂಟಿನಲ್ಲಿ ಅದಕ್ಕೆಂದೇ ಕಾಯ್ದೆ ಆಯಿತು. ಅಂದಿನಿಂದ ಊರಿನ ಟ್ರಸ್ಟ್ ದೀಪ ಉರಿಸುತ್ತಿದೆ. ಬ್ರಿಟನ್ನಿನಲ್ಲಿ ಹೀಗೆ ಜನರೇ ನಡೆಸುವ ದೀಪ ಇನ್ನೊಂದಿಲ್ಲ. ಬೇಸಿಗೆಯ ಕೆಲವು ಭಾನುವಾರ ಒಳಗೆ ಬಿಡುತ್ತಾರೆ. 112 ಮೆಟ್ಟಿಲು. ಊರಿಂದ ಯಾರೇ ಬಂದರೂ ನಾನು ಮೊದಲು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ.

ಇನ್ನು ಎದೆಯಲ್ಲಿ ಕುಳಿತ ಮಾತು.

2013ರ ಮೇ. ನಾನು ಆಗ ವಾರಕ್ಕೆ ಆರು ದಿನ ದುಡಿಯುತ್ತಿದ್ದೆ. ನನ್ನ ತಂಗಿಯ ಮದುವೆ ಸಾಲ ಇತ್ತು, ಅದು ಹೇಗಿರುತ್ತದೆ ಅಂತ ನಿಮಗೆ ಗೊತ್ತಲ್ಲ. ಪಕ್ಕದ ಮನೆಯ ಅಜ್ಜ ಒಂದು ಸಂಜೆ ಬೇಲಿಯಾಚೆಯಿಂದ ಕರೆದರು. ಅಲೆ ಮರಳು ಕೊಚ್ಚಿಕೊಂಡು ಹೋಗಿದೆ, ಕೆಳಗಿನ ಹಳೇ ಕೆಸರು ಕಾಣುತ್ತಿದೆ, ಯಾರೋ ಓದಿದವರು ಬಂದು ಮಳೆಯಲ್ಲೇ ಫೋಟೊ ತೆಗೆಯುತ್ತಿದ್ದಾರೆ, ಬಾ ನೋಡೋಣ ಅಂದರು. ನನಗೆ ನಿದ್ದೆ ಬೇಕಿತ್ತು. ‘ಮುಂದಿನ ವಾರ ರಜೆ ಇದೆ, ಆಗ ಬರುತ್ತೇನೆ’ ಅಂದೆ. ಮುಂದಿನ ವಾರ ಯಾರಿಗೋ ಬದಲಿಯಾಗಿ ಪಾಳಿ ಹಿಡಿದೆ. ನಾನು ದಡಕ್ಕೆ ಹೋಗುವಷ್ಟರಲ್ಲಿ ಅಲ್ಲಿ ಏನೂ ಇರಲಿಲ್ಲ.

2014ರ ಫೆಬ್ರವರಿಯಲ್ಲಿ ಸುದ್ದಿ ಬಂತು. ಬ್ರಿಟಿಷ್ ಮ್ಯೂಸಿಯಂ ಮತ್ತು ಇತರ ಸಂಸ್ಥೆಗಳವರು ನೋಡಿದ್ದು ಮನುಷ್ಯರ ಹೆಜ್ಜೆ ಗುರುತುಗಳು. 8 ಲಕ್ಷ ವರ್ಷಕ್ಕೂ ಹಳೆಯವು. ಆಫ್ರಿಕದ ಹೊರಗೆ ಅಷ್ಟು ಹಳೆಯ ಹೆಜ್ಜೆ ಆವರೆಗೆ ಎಲ್ಲೂ ಸಿಕ್ಕಿರಲಿಲ್ಲ. ಆ ಕಾಲದಲ್ಲಿ ಇಲ್ಲಿ ಕಡಲು ಇರಲಿಲ್ಲ. ಇಂಗ್ಲೆಂಡ್ ಯುರೋಪಿಗೆ ಅಂಟಿಕೊಂಡಿತ್ತು, ಥೇಮ್ಸ್ ನದಿ ಈ ಕಡೆ ಹರಿಯುತ್ತಿತ್ತು. ಅದರ ಕೆಸರಿನ ಮೇಲೆ ಕನಿಷ್ಠ ಐದು ಮಂದಿ ನಡೆದು ಹೋಗಿದ್ದರು, ದೊಡ್ಡವರೂ ಮಕ್ಕಳೂ. ಒಂದು ಗುರುತಿನಲ್ಲಿ ಬೆರಳುಗಳೂ ಕಾಣುತ್ತಿದ್ದವಂತೆ. ಎರಡು ವಾರದೊಳಗೆ ಅಲೆ ಎಲ್ಲವನ್ನೂ ಅಳಿಸಿ ಹಾಕಿತ್ತು. ನನ್ನ ಮನೆಯಿಂದ ಹತ್ತು ನಿಮಿಷದ ದಾರಿ.

ಹೆಜ್ಜೆ ನೋಡಲಿಲ್ಲ ಅನ್ನುವುದೊಂದೇ ಆಗಿದ್ದರೆ ಇಷ್ಟು ವರ್ಷ ಕೊರೆಯುತ್ತಿರಲಿಲ್ಲ. ನನ್ನ ಊರು ಉಚ್ಚಿಲ, ಸೋಮೇಶ್ವರದ ಹತ್ತಿರ. ಅಪ್ಪನ ಮನೆ ದಡದ ಮೇಲೆ. ಪ್ರತಿ ವರ್ಷ ಜೋರು ಮಳೆಯ ಆಟಿ ತಿಂಗಳು ಕಳೆದ ಮೇಲೆ ಅಪ್ಪ ಫೋನಿನಲ್ಲಿ ಲೆಕ್ಕ ಹೇಳುತ್ತಿದ್ದರು. ‘ಈ ವರ್ಷ ಎರಡು ತೆಂಗು ಹೋಯಿತು, ಇನ್ನು ಆರು ಉಂಟು.’ ಮರುವರ್ಷ ನಾಲ್ಕು. ನಾನು ಇಲ್ಲಿ ಕೂತು ಬುದ್ಧಿ ಹೇಳುತ್ತಿದ್ದೆ. ಮನೆ ಬಿಡಿ, ಪೇಟೆಯಲ್ಲಿ ಫ್ಲ್ಯಾಟ್ ತಗೊಳ್ಳೋಣ, ದುಡ್ಡು ನಾನು ಕಳಿಸುತ್ತೇನೆ ಅಂತ. ಅವರು ಕೇಳಿದ್ದು ಒಂದೇ. ‘ಮನೆ ಇರುವಾಗ ಒಮ್ಮೆ ಬಂದು ಹೋಗು ಮಗಾ. ಮನೆಯ ಭೂತಕ್ಕೆ ತಂಬಿಲದ ಪೂಜೆ ಕೊಟ್ಟು, ಎಲ್ಲ ಒಟ್ಟಿಗೆ ಕೂತು ಊಟ ಮಾಡಿ, ಆಮೇಲೆ ಬಿಡುವ.’ ನಾನು ಅಂದದ್ದು, ‘ಮುಂದಿನ ರಜೆಗೆ ಬರುತ್ತೇನೆ.’

ಮುಂದಿನ ರಜೆಯ ಮೊದಲು ಮಳೆಗಾಲ ಬಂತು. ಒಂದು ರಾತ್ರಿ ಅಡುಗೆ ಮನೆಯ ಗೋಡೆ ಹೋಯಿತು, ಬೆಳಗಾಗುವಾಗ ಚಾವಡಿ. ಅಪ್ಪ ಅಮ್ಮನಿಗೆ ಏನೂ ಆಗಲಿಲ್ಲ, ದೇವರ ದಯೆ. ನಾನು ಹೋದಾಗ ಬಾವಿಯ ಸಿಮೆಂಟ್ ರಿಂಗುಗಳು ಮಾತ್ರ ನೀರಿನ ನಡುವೆ ನಿಂತಿದ್ದವು. ಅಪ್ಪ ಫ್ಲ್ಯಾಟಿನ ಬಾಲ್ಕನಿಯಲ್ಲಿ ಒಂದು ಮಳೆಗಾಲ ಕೂತರು. ಎರಡನೆಯದು ನೋಡಲಿಲ್ಲ.

ಇಲ್ಲಿ ನಾನು ನೋಡಿಕೊಳ್ಳುತ್ತಿದ್ದ ಒಬ್ಬ ಅಜ್ಜಿ ಬೀಚ್ ರೋಡಿನಲ್ಲಿ ಮನೆ ಕಳೆದುಕೊಂಡವರು. ಮಾತ್ರೆ ಕೊಡಲು ಹೋದಾಗಲೆಲ್ಲ ತಮ್ಮ ಬಾಗಿಲಿನಿಂದ ದರೆಯ ಅಂಚಿಗೆ ಯಾವ ವರ್ಷ ಎಷ್ಟು ಹೆಜ್ಜೆ ಇತ್ತು ಅಂತ ಹೇಳುತ್ತಿದ್ದರು. ಮೊದಲೆಲ್ಲ ನಾನು ‘ಹೌದಾ’ ಅಂದು ಮುಂದಿನ ಕೋಣೆಗೆ ಓಡುತ್ತಿದ್ದೆ. ಅಪ್ಪ ಹೋದ ಮೇಲೆ ಕುರ್ಚಿ ಎಳೆದುಕೊಂಡು ಕೂರತೊಡಗಿದೆ. ಅವರ ಹೂದೋಟ, ಅದರಾಚೆ ಇದ್ದ ಇನ್ನೊಂದು ಸಾಲು ಮನೆ, ಅಲ್ಲಿ ಯಾರಿದ್ದರು, ಯಾರ ನಾಯಿ ಕಚ್ಚುತ್ತಿತ್ತು, ಎಲ್ಲ ಕೇಳಿದೆ. ಕಡಲಿಗೆ ಹೋದ ಆ ಬೀದಿ ಈಗ ನನಗೆ ಉಚ್ಚಿಲದ ನಮ್ಮ ಓಣಿಯಷ್ಟೇ ಗೊತ್ತು. ನೀವು ಕೆಲಸ ಮಾಡುವ ಕಡೆಯೂ ಇಂಥವರು ಇರುತ್ತಾರೆ. ಪಾಳಿಯಲ್ಲಿ ಹತ್ತು ನಿಮಿಷ ಹೇಗಾದರೂ ಉಳಿಸಿಕೊಳ್ಳಿ.

ಹಾಗಾದರೆ ಬರಬಹುದಾ? ಬನ್ನಿ. ಕುಂದಾಪುರದವರಿಗೆ ಕಡಲಿಲ್ಲದ ಊರಲ್ಲಿ ನಿದ್ದೆ ಬರುವುದಿಲ್ಲ. ಆದರೆ ಮೊದಲ ವರ್ಷದ ರಜೆಯನ್ನು ಈಗಲೇ ಬರೆಸಿ ಟಿಕೆಟ್ ತೆಗೆದಿಡಿ. ಸಾಲ ತೀರಿಸಿ ಹೋಗೋಣ ಅಂತ ಕಾಯಬೇಡಿ. ಅಮ್ಮ ಇದ್ದಾರಾ ಅಂತ ನೀವು ಬರೆದಿಲ್ಲ, ಇದ್ದರೆ ನನ್ನ ನಮಸ್ಕಾರ ಹೇಳಿ.

ಬಾಡಿಗೆ ಕರಾರಿಗೆ ಇನ್ನೂ ಸಹಿ ಹಾಕಬೇಡಿ. ಮನೆ ಯಾವ ರಸ್ತೆಯಲ್ಲಿದೆ ಅಂತ ಮಾತ್ರ ತಿಳಿಸಿ. ಮಂಗಳವಾರ ನನಗೆ ರಜೆ. ಅಲ್ಲಿಗೆ ಹೋಗಿ, ಬಾಗಿಲಿನಿಂದ ದರೆಯ ಅಂಚಿನವರೆಗೆ ನಡೆದು, ಎಷ್ಟು ಹೆಜ್ಜೆ ಇದೆ ಅಂತ ಎಣಿಸಿ ಅದೇ ರಾತ್ರಿ ಬರೆಯುತ್ತೇನೆ.