ಓದುಗರ ಪ್ರಶ್ನೆ: ಪುಷ್ಕರಣಿಯ ಗೋಡೆ ಉಬ್ಬಿದೆ, ಏನು ಮಾಡುವುದು?

ಪ್ರಶ್ನೆ: ನಮ್ಮೂರ ಗುಡಿ ಮುಂದಿನ ಕಲ್ಲಿನ ಪುಷ್ಕರಣಿಯಲ್ಲೇ ಹುಡುಗರೆಲ್ಲ ಈಜು ಕಲಿಯುವುದು. ಬೇಸಿಗೆಯಲ್ಲಿ ಹೂಳೆತ್ತಲು ಪಂಪ್ ಇಟ್ಟು ಎರಡೇ ದಿನದಲ್ಲಿ ನೀರು ಖಾಲಿ ಮಾಡಿದೆವು. ಆಮೇಲೆ ಪಡುವಣ ಗೋಡೆ ಒಳಕ್ಕೆ ಉಬ್ಬಿದೆ. ಸಂದುಗಳಿಗೆ ಸಿಮೆಂಟ್ ಮೆತ್ತಿದರೆ ನಿಂತೀತೇ?
— ಓದುಗರೊಬ್ಬರು, ಯಲಬುರ್ಗಾ ತಾಲ್ಲೂಕು

ಉತ್ತರ: ನಿಲ್ಲುವುದಿಲ್ಲ, ಇನ್ನೂ ಬೇಗ ಬಿದ್ದೀತು. ಕೊಳದ ನೀರು ಗೋಡೆಯನ್ನು ಹೊರಕ್ಕೆ ಒತ್ತುತ್ತದೆ, ಹಿಂದಿನ ಹಸಿಮಣ್ಣು ಒಳಕ್ಕೆ. ನೀವು ಒಳಗಿನ ನೀರನ್ನು ಎರಡು ದಿನದಲ್ಲಿ ತೆಗೆದಿರಿ. ಮಣ್ಣಿನಲ್ಲಿದ್ದ ನೀರು ಅಷ್ಟು ಬೇಗ ಇಳಿಯಲಿಲ್ಲ. ಎರೆಮಣ್ಣಾಗಿದ್ದರೆ ನೆನೆದು ಊದಿಕೊಳ್ಳುವ ಕಾಟ ಬೇರೆ. ಗಾರೆಯಿಲ್ಲದ ಸಂದುಗಳಿಂದಲೇ ಆ ನೀರು ಬಸಿದು ಬರಬೇಕು. ಸಿಮೆಂಟ್ ಹಾಕಿದರೆ ಆ ದಾರಿಯೂ ಕಟ್ಟಿಹೋಗುತ್ತದೆ.

ಉಬ್ಬಿದ ಭಾಗ ಬಿಚ್ಚಿ ಕಟ್ಟಬೇಕು. ಬಿಚ್ಚುವ ಮುನ್ನ ಫೋಟೊ ತೆಗೆದು, ಪ್ರತಿ ಕಲ್ಲಿನ ಮುಖದ ಮೇಲೆ ಸೀಮೆಸುಣ್ಣದಲ್ಲಿ ದಿಕ್ಕು, ಸಾಲು, ಸಂಖ್ಯೆ ಬರೆಯಿರಿ. ಕಲ್ಲು ಎತ್ತಿದ ಕೂಡಲೇ ಅದೇ ಗುರುತನ್ನು ಕಾಣದ ಬದಿಗೆ ಬಣ್ಣದಲ್ಲಿ ಬರೆಯಿರಿ, ಸೀಮೆಸುಣ್ಣ ಒಂದು ಮಳೆಗೂ ಉಳಿಯದು. ಇದು ಹಳೆಯ ಉಪಾಯವೇ. ಹಂಪಿಯ ಮಹಾನವಮಿ ದಿಬ್ಬದ ಹತ್ತಿರ 1980ರ ದಶಕದಲ್ಲಿ ಅಗೆದು ತೆಗೆದ ಮೆಟ್ಟಿಲು ಪುಷ್ಕರಣಿ ನೋಡಿ: ಸುಮಾರು 22 ಮೀಟರ್ ಚೌಕ, 7 ಮೀಟರ್ ಆಳ, ಐದು ಹಂತ. ಅದರ ಕಪ್ಪು ಕಲ್ಲುಗಳ ಮೇಲೆ ಯಾವ ದಿಕ್ಕು, ಯಾವ ಸಾಲು, ಎಲ್ಲಿಯ ಕಲ್ಲು ಎಂಬ ಗುರುತುಗಳನ್ನು ಕೆತ್ತಿದ್ದಾರೆ. ಹಂತಹಂತವಾಗಿ ಹಿಂದೆ ಸರಿಯುವ ಆ ಕಟ್ಟಡದಲ್ಲಿ ಏಳು ಮೀಟರ್ ಮಣ್ಣಿನ ಭಾರ ಒಂದೇ ನೆಟ್ಟಗಿನ ಗೋಡೆಯ ಮೇಲೆ ಬೀಳುವುದಿಲ್ಲ.

ಮರಳಿ ಕಟ್ಟುವಾಗ ಗೋಡೆಯ ಹಿಂದೆ ಎರಡಡಿ ಮಣ್ಣು ತೆಗೆದು ಜಲ್ಲಿ, ಗರಸು ತುಂಬಿ. ಅಲ್ಲಲ್ಲಿ ಉದ್ದನೆಯ ಕಲ್ಲೊಂದನ್ನು ಹಿಂದಕ್ಕೆ ಚಾಚುವಂತೆ ಇಡಿ. ಅರಳಿಯ ಬೇರಿದ್ದರೆ ಎಳೆಯಬೇಡಿ, ಕತ್ತರಿಸಿ. ಮುಂದೆ ನೀರು ಇಳಿಸುವುದಾದರೆ ದಿನಕ್ಕೆ ಒಂದಡಿ ಸಾಕು. ಪುಷ್ಕರಣಿ ಸಂರಕ್ಷಿತ ಸ್ಮಾರಕವಾಗಿದ್ದರೆ ಪುರಾತತ್ವ ಇಲಾಖೆಯ ಅನುಮತಿಯಿಲ್ಲದೆ ಒಂದು ಕಲ್ಲನ್ನೂ ಕದಲಿಸುವಂತಿಲ್ಲ.

ಪ್ರಶ್ನೆ: ಹಂಪಿಯ ರಾಣಿ ಸ್ನಾನಗೃಹದಲ್ಲಿ ಈಜುವಷ್ಟು ಜಾಗವಿದೆಯೇ?
— ಸಿಂಧನೂರಿನ ಓದುಗರು

ಉತ್ತರ: ಧಾರಾಳವಾಗಿ. ಕಟ್ಟಡ ಸುಮಾರು 30 ಮೀಟರ್ ಚೌಕ, ನಡುವಿನ ಕೊಳ 15 ಮೀಟರ್, ಆಳ ಆರಡಿಯ ಆಸುಪಾಸು. ಸುತ್ತ ಕಮಾನಿನ ಮೊಗಸಾಲೆ, ಕೊಳದ ಮೇಲೆ ಚಾಚಿದ ಉಪ್ಪರಿಗೆಗಳು, ತಲೆಯ ಮೇಲೆ ಬಯಲು ಆಕಾಶ. ಹೋದಾಗ ಹೊರಗಿನ ಬೋಳು ಗೋಡೆ ನೋಡಿ ಹಿಂದಿರುಗಬೇಡಿ. ಗಾರೆಯ ಕುಸುರಿಯೆಲ್ಲ ಒಳಗಿದೆ.