ಕಲೆ ಓದದವರು ಆರ್ಟ್ ಗ್ಯಾಲರಿ ನಡೆಸಬಹುದಾ? ಅದರಿಂದ ಬದುಕು ನಡೆಯುತ್ತಾ?

ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದೀರಿ, ಕಲೆ ಓದಿಲ್ಲ, ಆದರೂ ಸಮಕಾಲೀನ ಕಲೆಯ ಗ್ಯಾಲರಿ ತೆರೆಯುವ ಆಸೆ ಇದೆ ಅಂತ ಬರೆದಿದ್ದೀರಿ. ನಾನು ಈ ಧಂಧೆಯಲ್ಲೇ ಇರುವುದರಿಂದ ಉತ್ತರಿಸುತ್ತಿದ್ದೇನೆ.

ಡಿಗ್ರಿ ಯಾರೂ ಕೇಳುವುದಿಲ್ಲ. ಅಮೆರಿಕದ ಹೆಸರಾಂತ ಗ್ಯಾಲರಿ ಮಾಲೀಕ ಲಿಯೋ ಕ್ಯಾಸ್ಟೆಲ್ಲಿ ಓದಿದ್ದು ಕಾನೂನು. ಇನ್ಶೂರೆನ್ಸ್, ಬ್ಯಾಂಕು ಎಲ್ಲಾ ನೋಡಿ, 1957ರಲ್ಲಿ ನ್ಯೂಯಾರ್ಕಿನ ತನ್ನ ಮನೆಯಲ್ಲೇ ಗ್ಯಾಲರಿ ತೆರೆದಾಗ ವಯಸ್ಸು ಐವತ್ತರ ಹತ್ತಿರ. ಮರುವರ್ಷವೇ ಚಿತ್ರಕಾರ ಜ್ಯಾಸ್ಪರ್ ಜಾನ್ಸ್ ಅವರ ಮೊದಲ ಏಕವ್ಯಕ್ತಿ ಪ್ರದರ್ಶನ ಮಾಡಿ ಹೆಸರಾದ. ಇನ್ನೊಬ್ಬ ದೊಡ್ಡ ಗ್ಯಾಲರಿ ಮಾಲೀಕ ಲ್ಯಾರಿ ಗಗೋಸಿಯನ್ ಶುರು ಮಾಡಿದ್ದು ಪೋಸ್ಟರ್ ಮಾರಿ. ಆದರೆ ಒಂದು ಮಾತು. ಗ್ಯಾಲರಿಗೆ ಮುಂಚೆ ಕ್ಯಾಸ್ಟೆಲ್ಲಿ ವರ್ಷಗಟ್ಟಲೆ ಕಲಾವಿದರ ನಡುವೆಯೇ ಓಡಾಡಿಕೊಂಡಿದ್ದ. 1951ರಲ್ಲಿ ಕಲಾವಿದರು ಸೇರಿ ಮಾಡಿದ ನೈನ್ತ್ ಸ್ಟ್ರೀಟ್ ಪ್ರದರ್ಶನಕ್ಕೆ ದುಡ್ಡನ್ನೂ ಹಾಕಿದ್ದ, ಚಿತ್ರಗಳನ್ನೂ ನೇತುಹಾಕಿದ್ದ. ನೀವು ಈಗ ಎಷ್ಟು ಸ್ಟುಡಿಯೋಗಳಿಗೆ ಹೋಗುತ್ತೀರಿ? ನಾನು ಕೇಳುವುದು ಅದನ್ನೇ.

ಇನ್ನು ದುಡ್ಡು. ಹೊಸ ಕೃತಿ ಮಾರಿದರೆ ಸಾಮಾನ್ಯವಾಗಿ ಕಲಾವಿದರಿಗೆ ಅರ್ಧ, ಗ್ಯಾಲರಿಗೆ ಅರ್ಧ. ಕೇಳಲಿಕ್ಕೆ ದೊಡ್ಡದು, ಅಲ್ವಾ? ಬಾಡಿಗೆ, ಸಾಗಾಟ, ವಿಮೆ, ಕ್ಯಾಟಲಾಗು, ಆರ್ಟ್ ಫೇರ್‌ನ ಸ್ಟಾಲು ಎಲ್ಲಾ ನಿಮ್ಮ ಅರ್ಧದಲ್ಲೇ ಹೋಗಬೇಕು. ಅದರ ಮೇಲೆ ಖಾಯಂ ಗಿರಾಕಿ ಹತ್ತು ಪರ್ಸೆಂಟ್ ಬಿಡಿ ಅನ್ನುತ್ತಾರೆ, ಮ್ಯೂಸಿಯಂನವರು ಇನ್ನೂ ಜಾಸ್ತಿ. ಎಷ್ಟೋ ಗ್ಯಾಲರಿಗಳನ್ನು ಉಳಿಸುವುದು ಸೆಕೆಂಡರಿ ಮಾರ್ಕೆಟ್. ಅಂದರೆ ಒಬ್ಬರ ಮನೆಯಲ್ಲಿರುವ ಹಳೆಯ ಕೃತಿಯನ್ನು ಸದ್ದಿಲ್ಲದೆ ಇನ್ನೊಬ್ಬರಿಗೆ ದಾಟಿಸಿ ಕಮಿಷನ್ ತೆಗೆದುಕೊಳ್ಳುವುದು. ಈ ಭಾಗದ ಬಗ್ಗೆ ಗ್ಯಾಲರಿಯವರು ಹೊರಗೆ ಜಾಸ್ತಿ ಮಾತಾಡುವುದಿಲ್ಲ.

ಹೊರಗಿನವರಿಗೆ ಅರ್ಥವಾಗದ ಸಂಗತಿ ಎಂದರೆ ಬೆಲೆ. ಹೊಸ ಕಲಾವಿದರ ಚಿತ್ರಕ್ಕೆ ಹೆಚ್ಚಾಗಿ ಅಳತೆ ನೋಡಿ ಬೆಲೆ ಇಡುತ್ತೇವೆ. ಒಂದೇ ಸೈಜು, ಒಂದೇ ಬೆಲೆ, ಯಾವುದು ನಮಗೆ ಹೆಚ್ಚು ಇಷ್ಟವಾದರೂ ಸರಿ. ಏರಿಸಬಹುದು, ಇಳಿಸುವ ಹಾಗಿಲ್ಲ. ಇಳಿಸಿದರೆ ಹಿಂದೆ ಕೊಂಡವರೆಲ್ಲ ಮೋಸ ಹೋದಂತೆ. ಕೊಂಡವನು ಎರಡೇ ವರ್ಷಕ್ಕೆ ಹರಾಜಿಗೆ ಹಾಕಿ, ಅಲ್ಲಿ ಯಾರೂ ಕೂಗದಿದ್ದರೆ ಆ ಕಲಾವಿದರ ಕಥೆ ಮುಗಿದಂತೆಯೇ. ಆದ್ದರಿಂದ ಯಾರಿಗೆ ಮಾರಬಾರದು ಅಂತ ತಿಳಿಯುವುದೇ ನಮ್ಮ ಮುಖ್ಯ ಕೆಲಸ. ಒಂದು ಪ್ರದರ್ಶನದ ಓಪನಿಂಗ್ ದಿನವೇ ಒಬ್ಬರು ಬಂದು ಎರಡು ದೊಡ್ಡ ಚಿತ್ರ ತೋರಿಸಿ, ಪೂರ್ತಿ ಹಣ ಈಗಲೇ ಕೊಡುತ್ತೇನೆ ಎಂದರು. ಎಲ್ಲಿ ಹಾಕುತ್ತೀರಿ ಅಂತ ಕೇಳಿದೆ. 'ಮೂರು ವರ್ಷದಲ್ಲಿ ಎಷ್ಟಾಗುತ್ತೆ?' ಅಂತ ಅವರೇ ತಿರುಗಿ ಕೇಳಿದರು. ಎರಡೂ ರಿಸರ್ವ್ ಆಗಿವೆ ಎಂದುಬಿಟ್ಟೆ. ಕಲಾವಿದೆಗೆ ಸಿಟ್ಟು ಬಂತು, ಬಾಡಿಗೆ ಅವರಿಗೂ ಇತ್ತು, ನನಗೂ ಇತ್ತು. ಅದರಲ್ಲಿ ಒಂದು ಮುಂದೆ ಮ್ಯೂಸಿಯಂ ಸೇರಿತು. ಇನ್ನೊಂದು ಇವತ್ತಿಗೂ ನನ್ನ ಸ್ಟೋರಿನಲ್ಲೇ ಇದೆ.

ತಾಳ್ಮೆ ಎಷ್ಟು ದುಬಾರಿ ಅನ್ನುವುದಕ್ಕೆ ಪ್ಯಾರಿಸ್ಸಿನ ಕಲಾ ವ್ಯಾಪಾರಿ ಪಾಲ್ ದ್ಯುರಾಂ-ರುಯೆಲ್ ಸಾಕು. ಕಲಾವಿದರಾದ ಮೊನೆ, ರೆನ್ವಾರ್ ಅವರ ಚಿತ್ರಗಳನ್ನು ಜನ ಆಡಿಕೊಳ್ಳುತ್ತಿದ್ದ ಕಾಲದಲ್ಲೇ ರಾಶಿ ರಾಶಿ ಕೊಂಡ. ಅವರ ಖರ್ಚಿಗೂ ದುಡ್ಡು ಕೊಟ್ಟ, ದಿವಾಳಿಯ ಅಂಚಿಗೂ ಬಂದ. 1886ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನ ಮಾಡಿದ ಮೇಲೆ ಅಮೆರಿಕದ ಗಿರಾಕಿಗಳು ಕೈ ಹಿಡಿದರು. ಅಷ್ಟು ಸಾಲ ಹೊರುವ ಧೈರ್ಯ ನನಗಂತೂ ಇಲ್ಲ.

ನೀವು ಕೆಲಸ ಬಿಡಬೇಡಿ, ಜಾಗವನ್ನೂ ಈಗಲೇ ಬಾಡಿಗೆಗೆ ಹಿಡಿಯಬೇಡಿ. ರಜೆಯ ದಿನ ಯಾವುದಾದರೂ ಗ್ಯಾಲರಿಯ ಸ್ಟೋರ್ ರೂಮಿನಲ್ಲಿ ಸುಮ್ನೆ ಕೈಜೋಡಿಸಿ. ಚಿತ್ರದ ಮಧ್ಯಭಾಗ ನೆಲದಿಂದ ಸುಮಾರು 145 ಸೆಂಟಿಮೀಟರ್ ಎತ್ತರಕ್ಕೆ ಬರುವಂತೆ ನೇತುಹಾಕುವುದನ್ನು ಕಲಿಯಿರಿ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ನೋಡಿ, ಎದುರಿನಿಂದ ಕಾಣದ ಬಿರುಕು, ಉಬ್ಬು ಎಲ್ಲಾ ಎದ್ದು ಬರುತ್ತವೆ. ಆಮೇಲೆ ಒಂದೆರಡು ವಾರಕ್ಕೆ ಜಾಗ ಪಡೆದು ಒಂದು ಸಣ್ಣ ಪ್ರದರ್ಶನ ಮಾಡಿ. ಕಲಾವಿದರ ಪಾಲು, ಡಿಸ್ಕೌಂಟ್ ಯಾರ ತಲೆಗೆ, ಹಣ ಎಷ್ಟು ದಿನದಲ್ಲಿ ಕೈಸೇರಬೇಕು, ಇದನ್ನೆಲ್ಲ ಮೊದಲೇ ಬರೆದು ಸಹಿ ಮಾಡಿಸಿಕೊಳ್ಳಿ. ಕಲಾವಿದರ ಪಾಲನ್ನು ನಿಮ್ಮ ಬಾಡಿಗೆಗೆ ತಿರುಗಿಸಿದರೆ ಸುದ್ದಿ ಒಂದೇ ವಾರದಲ್ಲಿ ಎಲ್ಲ ಸ್ಟುಡಿಯೋಗಳಿಗೂ ಮುಟ್ಟುತ್ತದೆ. ಆ ಹಣಕ್ಕೆ ಬೇರೆಯೇ ಅಕೌಂಟ್ ಇಡಿ, ಬ್ಯಾಂಕಿನವರಾದ ನಿಮಗೆ ನಾನು ಹೇಳಬೇಕಿಲ್ಲ.